ಜನವರಿ ಒಂದರ ವೀರಗಲ್ಲು

‘ಕ್ಯಾಮೆರಾ ಕೆಟ್ಟಿದೆ’ ಎನ್ನುವುದು ‘ಮೈಗೆ ಹುಷಾರಿಲ್ಲ’ ಎಂದ ಹಾಗೆ. ಜ್ವರವೋ, ನೆಗಡಿಯೋ, ಬರೀ ನಿದ್ದೆಗೆಟ್ಟದ್ದೋ ಅದರಿಂದ ತಿಳಿಯುವುದಿಲ್ಲ. ಹಿಂಬದಿಯ ಪರದೆ ಕಪ್ಪಾಯಿತೆಂದರೆ ಎಲ್ಲವೂ ಹೋಯಿತೆಂದೇ ನಾವು ತೀರ್ಮಾನಿಸಿಬಿಡುತ್ತೇವೆ. ಆದರೆ 1975ರಲ್ಲಿ ಅಮೆರಿಕದ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾಕ್ಕೆ ಪರದೆಯೇ ಇರಲಿಲ್ಲ. ಆ ಭಾರದ ಪೆಟ್ಟಿಗೆ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಚಿತ್ರ ನೋಡಬೇಕಾದರೆ ಟಿ.ವಿ. ಬೇಕಿತ್ತು. ಕಾಣಿಸುವ ಕೆಲಸ ಬೇರೆ, ದಾಖಲಿಸುವ ಕೆಲಸ ಬೇರೆ ಎಂಬುದು ಆ ಯಂತ್ರದ ಹುಟ್ಟಿನಲ್ಲೇ ಇದೆ.

ಇದು ನನಗೆ ಕೆಲಸಕ್ಕೆ ಬಂದದ್ದು ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ. ನನ್ನ ಪಿಎಚ್.ಡಿ. ವೀರಗಲ್ಲುಗಳ ಬಗ್ಗೆ. ಆ ಊರಿನ ಗುಡಿಯ ಜೀರ್ಣೋದ್ಧಾರ ನಡೆದಿತ್ತು. ಹೊರಗೆ ಒರಗಿಸಿಟ್ಟಿದ್ದ ವೀರಗಲ್ಲನ್ನು ಎರಡು ದಿನದಲ್ಲಿ ಗೋಡೆಗೆ ಕೂರಿಸಿ ಎಣ್ಣೆಬಣ್ಣ ಬಳಿಯುವವರಿದ್ದರು. ಅವರ ಪಾಲಿಗೆ ಅದು ಭಕ್ತಿ. ನನ್ನ ಪಾಲಿಗೆ ಕೆಳಗಿನ ಎರಡು ಪಟ್ಟಿಕೆಗಳ ನಡುವಿನ ಅಕ್ಷರಗಳು ಮುಚ್ಚಿಹೋಗುವ ಮುಹೂರ್ತ. ಸವೆದ ಅಕ್ಷರ ನಡುಹಗಲಿನ ಬಿಸಿಲಿಗೆ ಕಾಣುವುದಿಲ್ಲ. ಸಂಜೆ ಓರೆಯಾಗಿ ಬೀಳುವ ಬೆಳಕಿಗೆ ಒಂದೊಂದು ಗೀರಿಗೂ ನೆರಳು ಹುಟ್ಟಿ ಅದು ಎದ್ದು ಬರುತ್ತದೆ. ಅಂಥ ಬೆಳಕು ಇರುವುದು ಅರ್ಧ ಗಂಟೆ.

ಆ ಅರ್ಧ ಗಂಟೆಯಲ್ಲೇ ನನ್ನ ಹಳೆಯ ಡಿ.ಎಸ್.ಎಲ್.ಆರ್. ಹಟ ಹಿಡಿಯಿತು. ಬ್ಯಾಟರಿ ತುಂಬಿದೆ ಎಂದು ತೋರಿಸುತ್ತಲೇ ಆಫ್ ಆಯಿತು. ತೆಗೆದು, ತುದಿಗಳನ್ನು ಒಣಬಟ್ಟೆಯಿಂದ ಒರೆಸಿ ಹಾಕಿದರೆ ಮತ್ತೆ ಪೂರ್ತಿ ಗೆರೆ. ನಾಲ್ಕು ಚಿತ್ರಕ್ಕೆ ಮತ್ತೆ ಆಫ್. ಇದು ಮುದಿ ಲಿಥಿಯಂ ಅಯಾನ್ ಬ್ಯಾಟರಿಯ ಗುಣ. ಅದರ ಒಳಗಿನ ತಡೆ ವರ್ಷ ಕಳೆದಂತೆ ಹೆಚ್ಚುತ್ತದೆ. ಸುಮ್ಮನಿದ್ದಾಗ ವೋಲ್ಟೇಜು ಸರಿಯಾಗಿಯೇ ಕಾಣುತ್ತದೆ, ಕೆಲಸ ಕೊಟ್ಟ ತಕ್ಷಣ ಕುಸಿಯುತ್ತದೆ. ಅಷ್ಟರಲ್ಲಿ ಪರದೆಯೂ ಕತ್ತಲಾಯಿತು.

ಬೆರಳು ಅರ್ಧ ಒತ್ತಿದೆ. ಲೆನ್ಸಿನ ಮೋಟಾರು ಸದ್ದು ಮಾಡಿತು. ಪೂರ್ತಿ ಒತ್ತಿದೆ. ಶಟರ್ ಬಡಿಯಿತು, ಕಾರ್ಡಿಗೆ ಬರೆಯುವ ಕೆಂಪು ದೀಪ ಮಿನುಗಿತು. ಅಂದರೆ ಯಂತ್ರ ಬದುಕಿದೆ. ಮೇಲಿನ ಕಿಂಡಿಗೆ ಕಣ್ಣಿಟ್ಟು ಕಲ್ಲಿನ ಮುಂದೆ ನೆಲಕ್ಕೊರಗಿದೆ. ಬ್ಯಾಟರಿ ನಿಂತಾಗಲೆಲ್ಲ ತೆಗೆದು ಅಂಗೈಯಲ್ಲಿ ಎರಡು ನಿಮಿಷ ಇಟ್ಟು ಮತ್ತೆ ಹಾಕುತ್ತಿದ್ದೆ. ಬೆಳಕು ಹೋಗುವಷ್ಟರಲ್ಲಿ ಮೂವತ್ತೊಂದು ಸಲ ಶಟರ್ ಬಡಿದಿತ್ತು. ಏನು ಬಂದಿದೆ ಎಂದು ನೋಡುವ ದಾರಿ ಮಾತ್ರ ಇರಲಿಲ್ಲ.

ಮರುದಿನ ತಾಲ್ಲೂಕು ಊರಿನಲ್ಲಿ ಮದುವೆ ಫೋಟೊ ತೆಗೆಯುವ ಸ್ಟುಡಿಯೋದ ಅಣ್ಣ ತಮ್ಮದೇ ಬ್ಯಾಟರಿ ಹಾಕಿ ನೋಡಿದರು. ಆಫ್ ಆಗುವುದು ನಿಂತಿತು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಆಮೇಲೆ ಮಡಚುವ ಪರದೆಯನ್ನು ನಿಧಾನಕ್ಕೆ ತಿರುಗಿಸುತ್ತ ಹೋದರು. ಒಂದು ಕೋನದಲ್ಲಿ ಚಿತ್ರ ಹೊಳೆಯಿತು, ಇನ್ನಷ್ಟು ತಿರುಗಿಸಿದರೆ ಮಾಯ. “ಅಕ್ಕಾರ, ಇವು ಎರಡು ಬ್ಯಾರೆ ಬ್ಯಾರೆ ರೋಗ ಅದಾವ್ರಿ. ಬ್ಯಾಟರಿಗೆ ವಯಸ್ಸಾಗೇತಿ. ಇಲ್ಲಿ ಮಡಿಕ್ಯಾಗ ಪಟ್ಟಿ ವೈರ್ ಸವದೇತಿ. ಸ್ಕ್ರೀನ್ ಹೋಗೇತಿ ಅಷ್ಟ, ಕ್ಯಾಮೆರಾ ಹೋಗಿಲ್ರಿ” ಅಂದರು. ಒಮ್ಮೆಗೆ ಒಂದನ್ನೇ ಬದಲಿಸಿ, ಏನು ಬದಲಾಯಿತು ಎಂದು ನೋಡುವುದು. ಸಂಶೋಧನಾ ವಿಧಾನದ ತರಗತಿಗಳಲ್ಲಿ ನಾವು ಕಲಿತದ್ದೂ ಇದನ್ನೇ.

ಅವರ ಕಂಪ್ಯೂಟರಿಗೆ ಕಾರ್ಡ್ ಹಾಕಿದಾಗ ಮೂವತ್ತೊಂದು ಚಿತ್ರಗಳೂ ಇದ್ದವು. ಆರೇಳು ಅಲುಗಿದ್ದವು. ಉಳಿದವುಗಳಲ್ಲಿ ಅಕ್ಷರಗಳು ಸ್ಪಷ್ಟವಾಗಿದ್ದವು. ಆದರೆ ತಾರೀಖು? ಎಲ್ಲಕ್ಕೂ ಜನವರಿ 1, ಹತ್ತು ವರ್ಷಕ್ಕೂ ಹಿಂದಿನದು. ಗಡಿಯಾರವನ್ನು ನಡೆಸಲೆಂದೇ ಕ್ಯಾಮೆರಾದೊಳಗೆ ಇನ್ನೊಂದು ಪುಟ್ಟ ಸೆಲ್ ಇರುತ್ತದೆ. ಅದೂ ಸೋತಿದ್ದರಿಂದ, ದೊಡ್ಡ ಬ್ಯಾಟರಿ ತೆಗೆದಾಗಲೆಲ್ಲ ಕಾಲ ಮೊದಲಿಗೆ ಹೋಗಿ ನಿಲ್ಲುತ್ತಿತ್ತು.

ನನಗೆ ನಗು ಬಂತು. ಎಷ್ಟೋ ಶಾಸನಗಳಲ್ಲಿ ಶಕವರ್ಷ ಇರುವುದಿಲ್ಲ, ಸಂವತ್ಸರದ ಹೆಸರಷ್ಟೇ ಇರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಅರಸನ ಹೆಸರು, ಲಿಪಿಯ ರೂಪ ನೋಡಿ ಕಾಲ ಗೊತ್ತುಮಾಡಬೇಕು. ಆ ಕೆಲಸ ಮಾಡುವವಳ ಕೈಗೆ ಈಗ ಕಾಲ ತಪ್ಪಿದ ಚಿತ್ರಗಳು. ನನ್ನ ಕ್ಷೇತ್ರಕಾರ್ಯದ ಪುಸ್ತಕದಲ್ಲಿ ದಿನ, ಗಂಟೆ, ಕಲ್ಲಿನ ಅಳತೆ ಎಲ್ಲ ಇದ್ದವು. ಚಿತ್ರಗಳನ್ನು ಅದರ ಪಕ್ಕದಲ್ಲಿಟ್ಟು ಸರಿಹೊಂದಿಸಿದೆ. ಈಗ ಎಲ್ಲಿ ಹೋದರೂ ಮೊದಲ ಚಿತ್ರ ನನ್ನ ಮೊಬೈಲಿನ ಗಡಿಯಾರದ್ದು.

ಆ ಕಲ್ಲಿಗೆ ಈಗ ಬೆಳ್ಳಿ ಬಣ್ಣ ಬಳಿದಿದ್ದಾರೆ. ವೀರ, ಕುದುರೆ, ಅಪ್ಸರೆಯರು ಹೊಳೆಯುತ್ತಾರೆ. ನಡುವಿನ ಸಾಲುಗಳು ಬಣ್ಣದಡಿ ಹೂತಿವೆ. ಓದಬೇಕಾದರೆ ನನ್ನ ಚಿತ್ರಗಳೇ ಗತಿ. ಕಡತದೊಳಗಿನ ತಾರೀಖನ್ನು ತಿದ್ದಿಬಿಡು ಎಂದು ಗೆಳೆಯರು ಹೇಳಿದರು. ತಿದ್ದಲಿಲ್ಲ. ಕಲ್ಲು ಕೊರೆದವನು ಅಕ್ಷರ ತಪ್ಪಿದ್ದರೂ ಶಾಸನದ ಪಾಠವನ್ನು ಇದ್ದ ಹಾಗೆಯೇ ಕೊಟ್ಟು, ಸರಿಯಾದದ್ದನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವುದು ನಮ್ಮ ಪದ್ಧತಿ. ಕ್ಯಾಮೆರಾ ಬರೆದದ್ದಕ್ಕೂ ಅದೇ ಮರ್ಯಾದೆ ಸಲ್ಲಲಿ ಎಂದು, ನಿಜವಾದ ದಿನವನ್ನು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಬರೆದೆ.