ಅಭಿಷಿಕ್ತನ ಗುರುತು

‘ಮೆಸ್ಸೀಯ’ ಎಂಬ ಪದ ನಮ್ಮ ಕುಟುಂಬಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಕ್ರಿಸ್ಮಸ್ ಸಮಯದಲ್ಲಿ. ಹಾಡಿನಲ್ಲಿ ಹಾಡುತ್ತೇವೆ, ಗೋದಲಿಯ ಮುಂದೆ ಕೈಮುಗಿಯುತ್ತೇವೆ. ಅರ್ಥವೇನೆಂದು ಮಕ್ಕಳು ಕೇಳಿದರೆ ‘ರಕ್ಷಕ’ ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಹೀಬ್ರೂ ಭಾಷೆಯ ಆ ಪದಕ್ಕೂ ಗ್ರೀಕ್ ಭಾಷೆಯ ‘ಕ್ರಿಸ್ತೋಸ್’ ಎಂಬ ಪದಕ್ಕೂ ನೇರವಾದ ಅರ್ಥ ಒಂದೇ: ಎಣ್ಣೆಯಿಂದ ಅಭಿಷೇಕ ಹೊಂದಿದವನು, ಅಭಿಷಿಕ್ತ. ದೇವರು ಆರಿಸಿಕೊಂಡವನ ಗುರುತು ಅವನ ತಲೆಯ ಮೇಲಿನ ಎಣ್ಣೆ.

ಆದರೆ ಯಾರ ತಲೆಯ ಮೇಲೆ ಸುರಿಯಬೇಕೆಂಬುದು ಪ್ರವಾದಿಗೂ ಸುಲಭವಾಗಿ ತಿಳಿಯಲಿಲ್ಲ. ಎಣ್ಣೆಯ ಕೊಂಬನ್ನು ಹಿಡಿದು ಬೆತ್ಲೆಹೇಮಿಗೆ ಹೋದ ಸಮುವೇಲನು ಜೆಸ್ಸೆಯನ ಹಿರಿಯ ಮಗನ ಎತ್ತರವನ್ನೂ ಮೈಕಟ್ಟನ್ನೂ ಕಂಡು ಇವನೇ ಇರಬೇಕೆಂದು ಭಾವಿಸಿದನು. ಏಳು ಮಂದಿ ಅವನ ಮುಂದೆ ಹಾದುಹೋದರು. ಕುರಿ ಕಾಯಲು ಹೋಗಿದ್ದ ಕಿರಿಯವನನ್ನು ಕರೆಸಬೇಕೆಂದು ಹೆತ್ತ ತಂದೆಗೇ ತೋಚಿರಲಿಲ್ಲ. ಆ ಕಿರಿಯವನೇ ದಾವೀದ.

1953ರಲ್ಲಿ ನಮ್ಮ ಧರ್ಮಪ್ರಾಂತ ಸ್ಥಾಪನೆಯಾಗುವ ಮುನ್ನ ಈ ಪ್ರದೇಶವು ಗೋವಾ ಮತ್ತು ಪುಣೆಯ ಧರ್ಮಪ್ರಾಂತಗಳಿಗೆ ಸೇರಿತ್ತು. ಈಗ ಪ್ರತಿವರ್ಷ ಪಾಸ್ಖ ಹಬ್ಬದ ಮುನ್ನ ಬೆಳಗಾವಿಯಲ್ಲಿ ಧರ್ಮಾಧ್ಯಕ್ಷರು ತೈಲಾಶೀರ್ವಾದದ ಬಲಿಪೂಜೆಯನ್ನು ಅರ್ಪಿಸುತ್ತಾರೆ. ರೋಗಿಗಳ ಅಭ್ಯಂಗಕ್ಕೊಂದು, ದೀಕ್ಷಾರ್ಥಿಗಳಿಗೊಂದು, ಸುಗಂಧ ಬೆರೆಸಿದ ಕ್ರಿಸ್ಮಾ ತೈಲವೊಂದು. ಹೀಗೆ ಮೂರು ತೈಲಗಳು. ಗುರುಗಳಾದ ನಾವು ಅವುಗಳನ್ನು ಸಣ್ಣ ಶೀಶೆಗಳಲ್ಲಿ ತುಂಬಿಕೊಂಡು ನಮ್ಮ ನಮ್ಮ ಊರುಗಳಿಗೆ ಹಿಂದಿರುಗುತ್ತೇವೆ. ಖಾನಾಪುರದ ಬಸ್ಸಿನಲ್ಲಿ ಕುಳಿತಾಗ ಜೇಬಿನಿಂದ ಬರುವ ಆ ಪರಿಮಳಕ್ಕೆ ಪಕ್ಕದವರು ಒಮ್ಮೆ ತಿರುಗಿ ನೋಡುವುದುಂಟು.

ಆ ಪೂಜೆಯಲ್ಲಿ ಓದುವ ಶುಭಸಂದೇಶ ಲೂಕನ ನಾಲ್ಕನೆಯ ಅಧ್ಯಾಯದ್ದು. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸು ಯೆಶಾಯನ ಸುರುಳಿಯನ್ನು ಬಿಚ್ಚಿ ಓದುತ್ತಾರೆ. ಬಡವರಿಗೆ ಶುಭವಾರ್ತೆ, ಸೆರೆಯಲ್ಲಿರುವವರಿಗೆ ಬಿಡುಗಡೆ, ಕುರುಡರಿಗೆ ದೃಷ್ಟಿ. ಯೆಶಾಯನಲ್ಲಿ ಅದರ ಮುಂದೆಯೇ ದೇವರು ಮುಯ್ಯಿ ತೀರಿಸುವ ದಿನದ ಮಾತಿದೆ. ಅಷ್ಟರೊಳಗೆ ಯೇಸು ಓದನ್ನು ನಿಲ್ಲಿಸಿ ಸುರುಳಿಯನ್ನು ಮಡಚುತ್ತಾರೆ. ರೋಮನ್ನರ ಆಳ್ವಿಕೆಯಲ್ಲಿ ನೊಂದಿದ್ದ ಜನರಲ್ಲಿ ಎಷ್ಟೋ ಮಂದಿ ಆ ಬಿಟ್ಟ ಮಾತಿಗಾಗಿಯೇ ಕಾದಿದ್ದರೆಂದು ನನಗೆ ತೋರುತ್ತದೆ. ಜೊತೆಗೆ ಇವನು ಜೋಸೆಫನ ಮಗನಲ್ಲವೇ ಎಂಬ ಪ್ರಶ್ನೆ ಬೇರೆ. ತೀರಾ ಪರಿಚಿತನಾದವನನ್ನು ಗುರುತಿಸುವುದು ಕಷ್ಟ. ಕೊನೆಗೆ ಊರವರೇ ಅವರನ್ನು ಬೆಟ್ಟದ ಅಂಚಿಗೆ ಅಟ್ಟಿಕೊಂಡು ಹೋದರು.

ಅವರನ್ನು ಹಳಿಯುವುದು ಬೇಡ. ಇಂದಿಗೂ ಮೆಸ್ಸೀಯನಿಗಾಗಿ ಕಾಯುತ್ತಿರುವ ಯೆಹೂದ್ಯರ ನಿರೀಕ್ಷೆ ವ್ಯರ್ಥವಲ್ಲವೆಂದು 2001ರಲ್ಲಿ ರೋಮಿನ ಬೈಬಲ್ ಆಯೋಗವೇ ಹೇಳಿದೆ. ನಾವಾದರೋ ಬಂದಿದ್ದಾನೆಂದು ಭಾನುವಾರ ಒಪ್ಪಿಕೊಂಡು, ಸೋಮವಾರದಿಂದ ಬೇರೊಬ್ಬನಿಗಾಗಿ ಕಾಯುತ್ತೇವೆ: ಮಗನಿಗೆ ಕೊಲ್ಲಿಯ ವೀಸಾ ಕೊಡಿಸುವವನು, ಹೊಲದ ಮೊಕದ್ದಮೆ ಗೆಲ್ಲಿಸುವವನು, ಹಾಸಿಗೆ ಹಿಡಿದವರನ್ನು ಒಂದೇ ಪ್ರಾರ್ಥನೆಗೆ ಎಬ್ಬಿಸುವವನು.

ಸ್ನಾನಿಕ ಯೊವಾನ್ನನ ಪ್ರಶ್ನೆಯೂ ಇಂಥ ಕಷ್ಟದಿಂದಲೇ ಬಂದದ್ದು. ಸೆರೆಮನೆಯಿಂದ ಶಿಷ್ಯರನ್ನು ಕಳುಹಿಸಿ, ಬರಬೇಕಾದವರು ನೀವೋ, ಬೇರೊಬ್ಬರಿಗಾಗಿ ಕಾಯಬೇಕೋ ಎಂದು ಕೇಳಿಸಿದನು. ಕುರುಡರು ನೋಡುತ್ತಾರೆ, ಕುಂಟರು ನಡೆಯುತ್ತಾರೆ, ಬಡವರು ಶುಭವಾರ್ತೆಯನ್ನು ಕೇಳುತ್ತಾರೆ ಎಂದು ಯೇಸು ಉತ್ತರ ಹೇಳಿ ಕಳುಹಿಸಿದರು. ನಜರೇತಿನಲ್ಲಿ ಓದಿದ ಒಂದು ಮಾತು ಮಾತ್ರ ಈ ಉತ್ತರದಲ್ಲಿಲ್ಲ: ಸೆರೆಯಲ್ಲಿರುವವರ ಬಿಡುಗಡೆ. ಕೇಳಿದವನೇ ಸೆರೆಯಲ್ಲಿದ್ದ! ಹೆರೋದನು ಅವನ ತಲೆಯನ್ನು ಕಡಿಸಿದನು. ಆ ಉತ್ತರದಿಂದ ಅವನಿಗೆ ಸಮಾಧಾನವಾಯಿತೇ ಎಂಬುದನ್ನು ಮತ್ತಾಯನಾಗಲಿ ಲೂಕನಾಗಲಿ ಬರೆದಿಲ್ಲ. ಬರೆಯದೆ ಬಿಟ್ಟದ್ದೇ ಒಳ್ಳೆಯದೆಂದು ನನ್ನ ಎಣಿಕೆ. ಬಿಡುಗಡೆ ಕಾಣದ ಮನೆಗಳಲ್ಲಿ ಕುಳಿತು ಈ ಭಾಗವನ್ನು ಓದಬೇಕಾಗುತ್ತದೆ.

ಅಂಥ ಒಂದು ಮನೆಯ ಸಂಗತಿಯನ್ನು ಹೇಳುತ್ತೇನೆ; ಬರೆಯಲು ಅವರ ಒಪ್ಪಿಗೆಯಿದೆ. ಖಾನಾಪುರ ತಾಲೂಕಿನ ಹಳ್ಳಿ. ಮನೆಮಾತು ಕೊಂಕಣಿ, ಸಂತೆಯಲ್ಲಿ ಮರಾಠಿ. ಹಿರಿಯರು ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಮಗ ಕಿತ್ತೂರಿನ ಕಡೆಯ ಕನ್ನಡದ ಹುಡುಗಿಯನ್ನು ಮದುವೆಯಾಗಿ ತಂದಾಗ ಅವರಿಗೆ ಸೇರಲಿಲ್ಲ. ಸೊಸೆಯೂ ಕಥೋಲಿಕಳೇ, ಆದರೂ ‘ನಮ್ಮವಳಲ್ಲ’ ಎಂಬುದೊಂದೇ ಮಾತು. ಕನ್ನಡ ಚೆನ್ನಾಗಿ ಬಲ್ಲವರು ಅವಳ ಮುಂದೆ ಬಾರದವರಂತೆ ಇದ್ದುಬಿಟ್ಟರು. ಕೆಲವು ವರ್ಷಗಳ ನಂತರ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು, ಮಾತೂ ತೊದಲಿತು. ಮಗ ಗೋವಾದಲ್ಲಿ ಕೆಲಸಕ್ಕಿದ್ದ. ಹೆಂಡತಿಗೆ ಮೊಣಕಾಲು ನೋವು.

ನಾನು ಅಭ್ಯಂಗ ನೀಡಲು ಹೋದದ್ದು ಆಷಾಢದ ಜಡಿಮಳೆಯಲ್ಲಿ. ಹಣೆಗೂ ಅಂಗೈಗಳಿಗೂ ತೈಲ ಹಚ್ಚಿ ಪ್ರಾರ್ಥಿಸಿದ ಮೇಲೆ ಸೊಸೆ ಬಾಗಿಲವರೆಗೆ ಬಂದು, “ಫಾದರ್, ಮಾವನವರು ಎದ್ದು ಅಡ್ಡಾಡ್ತಾರೇನ್ರಿ?” ಎಂದು ಕೇಳಿದಳು. ಗೊತ್ತಿಲ್ಲ ತಾಯಿ ಎಂದೆ. ಅವಳು ತಲೆಯಾಡಿಸಿ ಒಳಗೆ ಹೋಗಿ, ಬಟ್ಟಲೊಂದನ್ನು ತೆಗೆದುಕೊಂಡು ಅವರ ಬೆನ್ನು ನೀವತೊಡಗಿದಳು. ಅದೇನೆಂದು ಕೇಳಿದೆ. “ಏನೂ ಇಲ್ರಿ ಫಾದರ್, ಕೊಬ್ಬರಿ ಎಣ್ಣಿ. ದಿನಾ ಹಚ್ಚಲಿಲ್ಲಂದ್ರ ಬೆನ್ನಿಗೆ ಹುಣ್ಣಾಗತಾವು.”

ಸಂಸ್ಕಾರದ ತೈಲ ಬೇರೆ, ಅಡುಗೆಮನೆಯ ಎಣ್ಣೆ ಬೇರೆ. ಗುರುಮಠದಲ್ಲಿ ಕಲಿತ ಆ ಭೇದವನ್ನು ನಾನು ಅಳಿಸುತ್ತಿಲ್ಲ. ಸಂಸ್ಕಾರದಲ್ಲಿ ಕ್ರಿಸ್ತರೇ ಕಾರ್ಯ ಮಾಡುತ್ತಾರೆ. ಆದರೆ ಯೊವಾನ್ನನ ಶಿಷ್ಯರು ಆ ದಿನ ಆ ಮನೆಗೆ ಬಂದಿದ್ದರೆ, ಕಂಡದ್ದನ್ನು ಹೋಗಿ ತಿಳಿಸಿರೆಂದು ಪ್ರಭು ಅವರಿಗೆ ಹೇಳುತ್ತಿದ್ದದ್ದು ಆ ಬಟ್ಟಲನ್ನು ತೋರಿಸಿಯೇ ಎಂದು ನಂಬುತ್ತೇನೆ.

ಅವರು ಏಳಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಸೊಸೆಯನ್ನು ‘ಬಾಯ್’ ಎಂದು ಕರೆಯಲು ಆರಂಭಿಸಿದ್ದರು. ತೊದಲುವ ನಾಲಿಗೆಗೆ ಸುಲಭವಾದ ಪದವೆಂದು ಅವರ ಹೆಂಡತಿ ನಗುತ್ತಿದ್ದರು. ನೀರು ಬೇಕಾದಾಗ ಕನ್ನಡದಲ್ಲಿಯೇ ಕೇಳುತ್ತಿದ್ದರಂತೆ. ತಪಸ್ಸುಕಾಲದ ಎರಡನೆಯ ವಾರದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ಪೂಜೆ ಯಾವ ಭಾಷೆಯಲ್ಲಿ ಆಗಬೇಕೆಂದು ನೆಂಟರಲ್ಲಿ ಮಾತು ಬೆಳೆಯಿತು. ಆ ತಾಯಿ ಗೋಡೆ ಹಿಡಿದು ಎದ್ದು ನಿಂತು, ಪೂಜೆ ಕೊಂಕಣಿಯಲ್ಲಿ ಆಗಲಿ, ಮೊದಲನೆಯ ವಾಚನ ಕನ್ನಡದಲ್ಲಿರಲಿ, ಅದನ್ನು ಸೊಸೆಯೇ ಓದಲಿ ಎಂದರು.