ಚಳಿಬೆಂಕಿ

ಗೃಹಸ್ಥನ ಮನೆಯಲ್ಲಿ ಬೆಂಕಿಗೆ ಒಂದೊಂದು ನೆಲೆಯುಂಟು. ಅಡಿಗೆಯ ಮನೆಯಲ್ಲಿ ಒಲೆ, ನೀರುಮನೆಯಲ್ಲಿ ಬಚ್ಚಲೊಲೆ, ದೇವರ ಮುಂದೆ ನಂದಾದೀಪ, ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ, ಹೀಗೆ ನೆಲೆಗೊಂದು ಹೆಸರೂ ಉಂಟು. ಆದರೆ ಮನೆಯನ್ನು ಬಿಟ್ಟು ಹೊರಟ ಪಯಣಿಗನು ಬಯಲಿನಲ್ಲಿ ನಾಲ್ಕು ಕಟ್ಟಿಗೆಗಳನ್ನು ಕೂಡಿಸಿ ಹೊತ್ತಿಸಿ, ಗುರುತಿಲ್ಲದವರೊಡನೆ ಸುತ್ತಲೂ ಕುಳಿತು ಮೈ ಕಾಯಿಸಿಕೊಳ್ಳುವ ಬೆಂಕಿಗೆ ಹೆಸರೇನು? ಈ ಪ್ರಶ್ನೆಯು ಕ್ಷುಲ್ಲಕವೆಂದು ವಾಚಕ ಮಹಾಶಯರಿಗೆ ತೋರಬಹುದು. ನಮಗೂ ಬಹುಕಾಲ ಹಾಗೆಯೇ ತೋರಿದ್ದಿತು. ಕಾಶೀಯಾತ್ರೆಯ ದಾರಿಯಲ್ಲಿ ಒಂದು ರಾತ್ರಿಯನ್ನು ಕಳೆದ ಮೇಲೆ ಹಾಗೆ ತೋರುತ್ತಿಲ್ಲ.

ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಮೇಲೆ ಬಂದ ಮೊದಲನೆಯ ಪುಷ್ಯಮಾಸದಲ್ಲಿ ನಾವು ಸಕುಟುಂಬರಾಗಿ ರೈಲಿನಲ್ಲಿ ಕಾಶಿಗೆ ಹೊರಟೆವು. ಆಂಧ್ರದೇಶವನ್ನೂ ನಾಗಪುರವನ್ನೂ ಜಬ್ಬಲಪುರವನ್ನೂ ದಾಟುವವರೆಗೆ ಪ್ರಯಾಣವು ಸುಖವಾಗಿಯೇ ಸಾಗಿತು. ಪ್ರಯಾಗವನ್ನು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಂಜು ಕವಿಯಿತು. ಗಂಗೆಯ ಬಯಲಿನ ಜನವರಿಯ ಮಂಜನ್ನು ಕಾಣದವರಿಗೆ ಅದನ್ನು ವರ್ಣಿಸುವುದು ಕಷ್ಟ. ನಮ್ಮ ಮಲೆನಾಡಿನ ಮಂಜು ಬಿಸಿಲೇರಿದಂತೆ ಕರಗಿಹೋಗುವುದು. ಅಲ್ಲಿಯದು ಗಾಳಿಯಾಡದ ಬಯಲಿನಲ್ಲಿ ನೆಲಕ್ಕೆ ಅಂಟಿಕೊಂಡು, ಚಾಚಿದ ಕೈಯನ್ನೂ ಮರೆಮಾಡುವುದು. ಯಾವುದೋ ಒಂದು ಸಣ್ಣ ನಿಲ್ದಾಣದಲ್ಲಿ ಗಾಡಿಯು ನಿಂತೇಬಿಟ್ಟಿತು. ರಾತ್ರಿ ಹತ್ತು ಗಂಟೆಯ ಸಮಯ. ಮುಂದಿನ ದಾರಿ ತಿಳಿಯಾಗುವವರೆಗೆ ಹೊರಡುವಂತಿಲ್ಲವೆಂದು ತಿಳಿದುಬಂದಿತು.

ನಾವು ಒಯ್ದಿದ್ದ ಎರಡು ಶಾಲುಗಳು ಅಲ್ಲಿಯ ಚಳಿಗೆ ಏನೇನೂ ಸಾಲದೆ ಹೋದುವು. ನಮ್ಮ ಮನೆಯವರ ಹಲ್ಲುಗಳು ಕಟಕಟಿಸಲಾರಂಭಿಸಿದುವು. ಅವರಿಗೆ ಮೊದಲೇ ಉಬ್ಬಸದ ಬಾಧೆಯುಂಟು. ಹೊರಗೆ ನೋಡಲಾಗಿ, ನಿಲ್ದಾಣದ ತುದಿಯಲ್ಲಿ ಒಂದು ಕೆಂಪಾದ ಬೆಳಕೂ, ಅದರ ಸುತ್ತ ಕಂಬಳಿ ಹೊದೆದ ಹತ್ತೆಂಟು ಆಕಾರಗಳೂ ಕಂಡುವು. ಅವರ ಕೈಹಿಡಿದು ಅಲ್ಲಿಗೆ ನಡೆಸಿಕೊಂಡು ಹೋದೆವು. ಹೋದುದೇನೋ ಸರಿ, ಆದರೆ ಬಾಯಿ ಬರಲಿಲ್ಲ. ಅಮರಕೋಶದಲ್ಲಿ ಅಗ್ನಿಗೆ ಮೂವತ್ತಕ್ಕೂ ಮಿಕ್ಕ ಹೆಸರುಗಳಿವೆ. ವೈಶ್ವಾನರ, ವೀತಿಹೋತ್ರ, ಧನಂಜಯ, ಜಾತವೇದಸ್, ತನೂನಪಾತ್ ಎಂದು ಮೊದಲಾಗಿ ಅವೆಲ್ಲವನ್ನೂ ನಾವು ನಿದ್ದೆಯಲ್ಲಿಯೂ ಹೇಳಬಲ್ಲೆವು. ಅವುಗಳಲ್ಲಿ ಒಂದಾದರೂ, "ಈ ಬೆಂಕಿಯ ಬಳಿ ನಮಗಿಷ್ಟು ಸ್ಥಳ ಕೊಡಿರಿ" ಎಂದು ಕೇಳಲು ಒದಗಲಿಲ್ಲ. ನಾವು ಹೀಗೆ ಶಬ್ದಕ್ಕಾಗಿ ತಡಕುತ್ತಿರಲಾಗಿ, ನಮ್ಮ ಮನೆಯವರು ಸುಮ್ಮನೆ ಎರಡು ಕೈಗಳನ್ನೂ ಬೆಂಕಿಯ ಕಡೆಗೆ ಚಾಚಿದರು. ಕುಳಿತಿದ್ದ ಒಬ್ಬ ಮುದುಕಿಯು ತಕ್ಷಣವೇ ಸರಿದು, ಗೋಣಿಯ ತುಂಡೊಂದನ್ನು ಹಾಸಿ, "ಆವೋ ಮಾಯೀ, ತಾಪ್ ಲೋ" ಎಂದಳು.

ಆ ಬೆಂಕಿಗೆ ಅಲ್ಲಿಯವರು 'ಅಲಾವ್' ಎನ್ನುತ್ತಾರೆ. ಚಳಿಗಾಲದಲ್ಲಿ ಉತ್ತರಪ್ರದೇಶದ ಊರೂರುಗಳ ಚೌಕಗಳಲ್ಲಿಯೂ ನಿಲ್ದಾಣಗಳ ಬಳಿಯಲ್ಲಿಯೂ ಬಡಬಗ್ಗರಿಗಾಗಿ ಅಲಾವುಗಳನ್ನು ಹೊತ್ತಿಸಲು ಸ್ಥಳೀಯ ಆಡಳಿತದವರೇ ಕಟ್ಟಿಗೆಯನ್ನು ಹಾಕಿಸುವ ಪದ್ಧತಿಯುಂಟು. ಅಲಾವ್ ಎಂಬುದು ಸಂಸ್ಕೃತದ 'ಅಲಾತ' ಶಬ್ದದಿಂದ ಬಂದುದೆಂದು ಹಿಂದೀ ಕೋಶಕಾರರು ಹೇಳುತ್ತಾರೆ. ಅಲಾತವೆಂದರೆ ಕೊಳ್ಳಿ. ಉರಿಯುವ ಕೊಳ್ಳಿಯನ್ನು ಬೀಸಿ ತಿರುಗಿಸಿದರೆ ಬೆಂಕಿಯ ಚಕ್ರವೊಂದು ಕಾಣುವುದಷ್ಟೆ. ಗೌಡಪಾದಾಚಾರ್ಯರು ಮಾಂಡೂಕ್ಯಕಾರಿಕೆಯ ಕಡೆಯ ಪ್ರಕರಣದಲ್ಲಿ ಜಗತ್ತಿನ ತೋರಿಕೆಗೆ ಇದನ್ನೇ ದೃಷ್ಟಾಂತವಾಗಿ ಹಿಡಿದಿರುವರು. ಆ ಪ್ರಕರಣಕ್ಕೆ ಅಲಾತಶಾಂತಿಯೆಂದೇ ಹೆಸರು. ಅದನ್ನು ವರ್ಷಗಳ ಕಾಲ ಪಾಠ ಹೇಳಿದ್ದ ನಮಗೆ ಅಲಾತದ ಬಿಸಿಯು ಅಂಗೈಗೆ ತಾಗಿದುದು ಆ ರಾತ್ರಿಯೇ.

'ತಾಪ್ ಲೋ' ಎಂಬ ಮಾತೂ ನಮ್ಮದೇ. ತಪ್ ಎಂಬ ಧಾತುವಿನಿಂದ ತಾಪವೂ ಆಯಿತು, ತಪಸ್ಸೂ ಆಯಿತು. ಗುಜರಾತಿನಲ್ಲಿ ಇಂತಹ ಬೆಂಕಿಗೆ ಅದೇ ಧಾತುವಿನಿಂದ 'ತಾಪಣುಂ' ಎಂಬ ಹೆಸರಾಗಿದೆ. ಋಷಿಯು ಪಂಚಾಗ್ನಿಯ ನಡುವೆ ಮಾಡುವುದಕ್ಕೂ, ಗೋಣಿಯ ಮೇಲೆ ಕುಳಿತ ಮುದುಕಿಯು ಮಾಡುವುದಕ್ಕೂ ಧಾತು ಒಂದೇ.

ಸ್ವಲ್ಪ ಹೊತ್ತಿನಲ್ಲಿ ಗಾಡಿಯಿಂದಿಳಿದ ಇನ್ನೂ ಕೆಲವರು ಬಂದು ಸೇರಿದರು. ನಮ್ಮ ಮನೆಯವರಿಗೆ ಮೈ ಬಿಸಿಯಾದೊಡನೆ ಮಾತು ಬಂದಿತು. "ಏನೂಂದ್ರೆ, ಇವರವರ ಊರಿನಲ್ಲಿ ಇದಕ್ಕೇನಂತಾರೋ ಕೇಳಿ. ಹೊತ್ತಾದರೂ ಹೋಗಲಿ" ಎಂದರು. ನಾಗಪುರದಲ್ಲಿ ಹತ್ತಿದ್ದ ಮಹಾರಾಷ್ಟ್ರದ ಗೃಹಸ್ಥರು 'ಶೇಕೋಟಿ' ಎಂದರು. ಶೇಕಣೇ ಎಂದರೆ ಕಾಯಿಸುವುದು, ಕಾವು ಕೊಡುವುದು. ತಮಿಳು ದೇಶದ ವೃದ್ಧ ವರ್ತಕರೊಬ್ಬರು, ತಮ್ಮಲ್ಲಿ ಬೆಂಕಿಯ ಹೆಸರಿಗಿಂತ ಕ್ರಿಯೆಯೇ ಮುಖ್ಯವೆಂದೂ, ಅದನ್ನು 'ಕುಳಿರ್ ಕಾಯ್ದಲ್' ಎನ್ನುವರೆಂದೂ ಹೇಳಿದರು. ಕುಳಿರ್ ಎಂದರೆ ಚಳಿ. ಅಂದರೆ ನಮ್ಮ 'ಚಳಿ ಕಾಯಿಸುವುದು' ಎಂಬ ಮಾತಿನ ಸಾಕ್ಷಾತ್ ಸಹೋದರ. ಇನ್ನೊಬ್ಬರ ಕಷ್ಟದಲ್ಲಿ ತನ್ನ ಲಾಭವನ್ನು ನೋಡಿಕೊಳ್ಳುವವನಿಗೂ ತಮಿಳರು ಇದೇ ಮಾತನ್ನು ಆಡುವರಂತೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದೆಂದು ನಾವು ಹೇಳುವುದಿಲ್ಲವೆ, ಹಾಗೆ. ಆ ವರ್ತಕರು ತಿರುಕ್ಕುರಳಿನ ಒಂದು ನೀತಿಯನ್ನೂ ನೆನೆದರು: ಅರಸನ ಬಳಿ ಇರುವವರು ಬೆಂಕಿ ಕಾಯಿಸಿಕೊಳ್ಳುವವರ ಹಾಗೆ ಬಹಳ ದೂರಕ್ಕೂ ಹೋಗದೆ, ಬಹಳ ಹತ್ತಿರಕ್ಕೂ ಸರಿಯದೆ ಇರಬೇಕೆಂಬುದು ಅದರ ತಾತ್ಪರ್ಯ.

ಆಗ ಅನಂತಪುರದ ಕಡೆಯ ರೈತರೊಬ್ಬರು, "ಮಾ ಊಳ್ಳೋ ನೆಗಡು ಅಂಟಾರು" ಎಂದರು. ನೆಗಡು ಎಂಬುದನ್ನು ನಮ್ಮ ಮನೆಯವರು ನೆಗಡಿಯೆಂದು ಕೇಳಿಸಿಕೊಂಡು, ಅವರಿಗೆ ಶುಂಠಿಯ ಕಷಾಯವನ್ನು ಹೇಳತೊಡಗಿದರು. ಎಲ್ಲರೂ ನಕ್ಕ ಮೇಲೆ ಆ ರೈತರ ಹೆಂಡತಿಯು, "ಚಲಿಮಂಟ ಅನಿ ಕೂಡಾ ಅಂಟಾರಮ್ಮಾ" ಎಂದಳು. ಚಲಿ ಎಂದರೆ ಚಳಿ. ಮಂಟ ಎಂದರೆ ಉರಿ. ಆ ಶಬ್ದವು ಕಿವಿಗೆ ಬಿದ್ದೊಡನೆ ನಾವು ಮೂಕರಾದೆವು. "ಯಾಕೆ ಸುಮ್ಮನಾದಿರಿ?" ಎಂದು ನಮ್ಮ ಮನೆಯವರು ಕೇಳಿದರು. ಅವರಿಗೆ ಅಲ್ಲಿ ಉತ್ತರ ಹೇಳಲಿಲ್ಲ. ಈಗ ವಾಚಕರ ಮುಂದೆ ಹೇಳುತ್ತೇವೆ.

ಮೂವತ್ತು ವರ್ಷಗಳ ಹಿಂದೆ ನಾವು ತೆಲುಗುಸೀಮೆಯ ಗಡಿಯ ಒಂದು ತಾಲ್ಲೂಕಿನ ಪ್ರೌಢಶಾಲೆಯಲ್ಲಿದ್ದೆವು. ಶಾಲೆಯ ಬಾಲಚಮೂವಿನ ಹುಡುಗರು ಬೆಟ್ಟದ ತಪ್ಪಲಿನಲ್ಲಿ ಮೂರು ದಿನ ಬಿಡಾರ ಹೂಡಿ ಬಂದಿದ್ದರು. ರಾತ್ರಿ ಬೆಂಕಿಯ ಸುತ್ತ ಕುಳಿತು ಹಾಡುವುದೂ ಕಥೆ ಹೇಳುವುದೂ ಆ ಸಂಸ್ಥೆಯಲ್ಲಿ ಮೊದಲಿನಿಂದ ಬಂದ ಸಂಪ್ರದಾಯ. ಬೇಡನ್ ಪೊವೆಲರು 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ನಡೆಯಿಸಿದ ಪ್ರಥಮ ಶಿಬಿರದಲ್ಲಿಯೇ ಅದು ಇದ್ದಿತು. 1908ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಅಧ್ಯಾಯಗಳಿಗೂ ಬೆಂಕಿಯ ಸುತ್ತಲಿನ ಕಥೆಗಳೆಂದೇ ಹೆಸರು. ಈ ಶಿಬಿರವನ್ನು ಕುರಿತು ಪ್ರಬಂಧವನ್ನು ಬರೆಯಿರೆಂದು ನಾವು ಹುಡುಗರಿಗೆ ಹೇಳಿದೆವು. ಮನೆಯಲ್ಲಿ ತೆಲುಗನ್ನಾಡುವ ಒಬ್ಬ ಹುಡುಗನು, "ರಾತ್ರಿ ಚಳಿಬೆಂಕಿ ಹಾಕಿದೆವು" ಎಂದು ಬರೆದಿದ್ದನು. ನಾವು ಆ ಶಬ್ದದ ಮೇಲೆ ಕೆಂಪು ಗೆರೆಯನ್ನೆಳೆದು, ಪಕ್ಕದಲ್ಲಿ 'ಶಿಬಿರಾಗ್ನಿ' ಎಂದು ತಿದ್ದಿದೆವು. ಅಷ್ಟಕ್ಕೇ ನಿಲ್ಲಲಿಲ್ಲ. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, "ಚಳಿಯೂ ಬೆಂಕಿಯೂ ಒಂದೆಡೆಯಲ್ಲಿ ಇರುವುದುಂಟೇನಯ್ಯಾ? ತಣ್ಣಗೆ ಕೊರೆಯುವ ಬೆಂಕಿಯನ್ನು ನೀನೊಬ್ಬನೇ ಕಂಡೆ!" ಎಂದೆವು. ತರಗತಿಯೆಲ್ಲ ನಕ್ಕಿತು. ಆಮೇಲೆ ಕೆಲವು ದಿನಗಳವರೆಗೆ ಹುಡುಗರು ಅವನನ್ನು ಚಳಿಬೆಂಕಿಯೆಂದೇ ಕರೆದರು. ಆ ವರ್ಷವೆಲ್ಲ ಅವನು ಬರೆದ ಪ್ರಬಂಧಗಳಲ್ಲಿ ತಪ್ಪು ಒಂದೂ ಇರಲಿಲ್ಲ. ಪಠ್ಯಪುಸ್ತಕದಲ್ಲಿ ಇಲ್ಲದ ಮಾತೂ ಒಂದು ಇರಲಿಲ್ಲ. ಅದು ನಮ್ಮ ಬೋಧನೆಯ ಫಲವೆಂದು ನಾವು ಆಗ ಸಂತೋಷಪಟ್ಟೆವು.

ವ್ಯಾಕರಣವನ್ನು ಕಲಿಸುವವರು ನಾವು. ಆದರೂ ಆ ಸಮಾಸವನ್ನು ಬಿಡಿಸಿ ನೋಡಲಿಲ್ಲ. ಯೂಪಕ್ಕಾಗಿ ತಂದ ದಾರುವು ಯೂಪದಾರು. ಇದು ಚತುರ್ಥೀ ತತ್ಪುರುಷವೆಂದು ಎಷ್ಟು ಸಲ ಹಲಗೆಯ ಮೇಲೆ ಬರೆದಿಲ್ಲ! ಚಳಿಗೆ ಹಾಕಿದ ಬೆಂಕಿ ಚಳಿಬೆಂಕಿ. ಜ್ವರದ ಗುಳಿಗೆಯೆಂದರೆ ಜ್ವರವನ್ನು ತರುವ ಗುಳಿಗೆಯೆಂದು ಯಾವ ಗೃಹಿಣಿಯೂ ಭ್ರಮಿಸಳು. ಶಬ್ದವು ಕೋಶದಲ್ಲಿ ಇಲ್ಲದಿರಬಹುದು. ಆದರೆ ತೆಲುಗಿನ ಚಲಿಮಂಟವು ಅದರ ತಾಯಿ, ತಮಿಳಿನ ಕುಳಿರ್ ಕಾಯ್ದಲ್ ಅದರ ಸೋದರತ್ತೆ, ನಮ್ಮವರೇ ದಿನವೂ ಆಡುವ 'ಚಳಿ ಕಾಯಿಸುವುದು' ಅದರ ನೆರೆಮನೆ. ಇಷ್ಟು ಬಂಧುಬಳಗವಿದ್ದ ಶಬ್ದವನ್ನು ನಾವು ಅನಾಥವೆಂದು ಹೊರಕ್ಕೆ ದೂಡಿದೆವು. ಅದರ ಬದಲಿಗೆ ಕೊಟ್ಟ ಶಿಬಿರಾಗ್ನಿಯಾದರೋ ಇಂಗ್ಲಿಷಿನ ಮಾತಿಗೆ ಸಂಸ್ಕೃತದ ಅಂಗಿಯನ್ನು ತೊಡಿಸಿದುದು ಮಾತ್ರ.

ಊರಿಗೆ ಮರಳಿದ ಮೇಲೆ ನಾವು ಕೋಶಗಳನ್ನು ತೆರೆದು ಕುಳಿತೆವು. ಹುಡುಕಿದಷ್ಟೂ ಬೇರೆ ಬೇರೆ ದೇಶದವರು ಈ ಬೆಂಕಿಯಲ್ಲಿ ಬೇರೆ ಬೇರೆಯಾದುದನ್ನು ಕಂಡಿರುವರೆಂದು ತಿಳಿಯಿತು. ಜರ್ಮನರು ಲಾಗರ್‌ಫೋಯರ್ ಎನ್ನುತ್ತಾರೆ. ಲಾಗರ್ ಎಂಬುದು ಮಲಗುವುದೆಂಬ ಅರ್ಥದ ಧಾತುವಿಗೆ ಸಂಬಂಧಿಸಿದುದು, ಆದುದರಿಂದ ಅವರದು ತಂಗುವೆಡೆಯ ಬೆಂಕಿ. ಜಪಾನೀಯರ ತಕಿಬಿಯು ಹೊತ್ತಿಸಿದ ಬೆಂಕಿ. ನಮ್ಮ ಅಗ್ನಿಯು ಲ್ಯಾಟಿನಿನಲ್ಲಿ ಇಗ್ನಿಸ್, ಲಿಥುವೇನಿಯದಲ್ಲಿ ಉಗ್ನಿಸ್, ರಷ್ಯದಲ್ಲಿ ಒಗೋನ್ ಎಂದು ಇರುವುದು ವಿದ್ವಾಂಸರೆಲ್ಲ ಬಲ್ಲ ವಿಷಯ. ಆದರೆ ಇಗ್ನಿಸ್ ಎಂಬ ಆ ಕುಲೀನ ಶಬ್ದವು ಲ್ಯಾಟಿನಿನ ಮಕ್ಕಳ ಮನೆಗಳಲ್ಲಿ ಉಳಿಯಲಿಲ್ಲ. ಒಲೆಯೆಂಬ ಅರ್ಥದ ಫೋಕಸ್ ಎಂಬ ಮನೆಮಾತೇ ಫ್ರೆಂಚರಲ್ಲಿ ಫ್ಯೂ, ಸ್ಪೇನಿನಲ್ಲಿ ಫುಯೇಗೊ, ಇಟಲಿಯಲ್ಲಿ ಫುವೋಕೊ ಆಗಿ ಬೆಂಕಿಯ ಹೆಸರಾಯಿತು. 1604ರಲ್ಲಿ ಕೆಪ್ಲರನು ಬೆಳಕಿನ ಶಾಸ್ತ್ರವನ್ನು ಬರೆಯುವಾಗ ಕಿರಣಗಳು ಕೂಡುವ ಬಿಂದುವಿಗೆ ಈ ಒಲೆಯ ಹೆಸರನ್ನೇ ಇಟ್ಟನು. ಪಂಡಿತರ ಶಬ್ದವು ಆರಿತು, ಅಡಿಗೆಯ ಮನೆಯ ಶಬ್ದವು ಉರಿಯುತ್ತಲೇ ಇದೆ.

ಇಂಗ್ಲಿಷಿನಲ್ಲಿ ಬಯಲಿನ ದೊಡ್ಡ ಬೆಂಕಿಗೆ ಬಾನ್‌ಫೈರ್ ಎಂದು ಹೆಸರು. ಮಹಾವಿದ್ವಾಂಸನಾದ ಸ್ಯಾಮ್ಯುಯೆಲ್ ಜಾನ್ಸನನು 1755ರ ತನ್ನ ನಿಘಂಟಿನಲ್ಲಿ, ಫ್ರೆಂಚ್ ಭಾಷೆಯ 'ಬೋನ್', ಅಂದರೆ ಒಳ್ಳೆಯದು, ಎಂಬ ಶಬ್ದದಿಂದ ಇದಕ್ಕೆ ವ್ಯುತ್ಪತ್ತಿಯನ್ನು ಹೇಳಿದನು. ಆದರೆ 1483ರ ಒಂದು ಕೋಶದಲ್ಲಿಯೇ ಅದು ಎಲುಬಿನ ಬೆಂಕಿಯೆಂದು ದಾಖಲೆಯಾಗಿದೆ. ಹಳ್ಳಿಯ ಜನ ಎಲುಬುಗಳನ್ನು ಒಟ್ಟಿ ಸುಡುತ್ತಿದ್ದ ಬೆಂಕಿಯದು. ಇದನ್ನೋದಿದಾಗ ನಮಗೆ ಸ್ವಲ್ಪ ಸಮಾಧಾನವಾಯಿತೆಂದು ಮರೆಮಾಚದೆ ಹೇಳುತ್ತೇವೆ. ಆದರೆ ಜಾನ್ಸನನು ಶಬ್ದವನ್ನು ಮಾತ್ರ ತಪ್ಪು ತಿಳಿದನು. ನಾವು ಹುಡುಗನನ್ನೂ ತಪ್ಪು ತಿಳಿದೆವು.

ಸಂಸ್ಕೃತವನ್ನು ನಾವು ಹಗುರಮಾಡುತ್ತಿರುವೆವೆಂದು ಯಾರೂ ಎಣಿಸಬಾರದು. ಕೆಂಡವನ್ನು ಹಾಕಿಡುವ ಪಾತ್ರೆಗೆ ಅಮರಸಿಂಹನು ಹೇಳಿರುವ ಹೆಸರುಗಳಲ್ಲಿ 'ಹಸಂತೀ' ಎಂಬುದೊಂದು. ಹಸಂತಿಯೆಂದರೆ ನಗುವವಳು. ಬೂದಿಯ ಮರೆಯಿಂದ ಹೊಳೆಯುವ ಕೆಂಡದಲ್ಲಿ ನಗೆಯನ್ನು ಕಂಡ ಆ ಮೊದಲನೆಯವನೂ ಶಾಸ್ತ್ರವನ್ನು ನೋಡಿ ಹೇಳಿರಲಾರನು, ಚಳಿಯಲ್ಲಿ ಕುಳಿತು ಹೇಳಿರಬೇಕು. ಅಗ್ನಿಷ್ಠಿಕಾ ಎಂಬುದು ನಮ್ಮಲ್ಲಿ ಅಗ್ಗಿಷ್ಟಿಕೆಯಾಗಿ, ಹಿಂದಿಯಲ್ಲಿ ಅಂಗೀಠಿಯಾಗಿ ಮನೆಮನೆಯನ್ನು ಹೊಕ್ಕಿದೆ. ಪ್ರಸಂಗವಶಾತ್ ಗೃಹಸ್ಥರಿಗೆ ಒಂದು ಎಚ್ಚರಿಕೆ: ಅಗ್ಗಿಷ್ಟಿಕೆಯನ್ನು ಬಾಗಿಲು ಕಿಟಕಿಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಎಂದಿಗೂ ಮಲಗಬಾರದು. ಕೆಂಡದಿಂದ ಹೊರಡುವ ವಿಷವಾಯುವಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಉತ್ತರದೇಶದಲ್ಲಿ ಚಳಿಗಾಲದಲ್ಲಿ ಇದರಿಂದ ಕುಟುಂಬಗಳೇ ನಿದ್ದೆಯಲ್ಲಿ ಅಳಿದುದುಂಟು. ಮೈ ಕಾಯಿಸುವ ಬೆಂಕಿಗೆ ಬಯಲೇ ಲೇಸು.

ಆ ರಾತ್ರಿ ಮೂರು ಗಂಟೆಯ ಹೊತ್ತಿಗೆ ಮಂಜು ತಿಳಿಯಾಗಿ ಗಾಡಿಯು ಕೂಗಿತು. ನಮ್ಮ ಮನೆಯವರ ಉಸಿರು ಹಗುರವಾಗಿದ್ದಿತು. ಮುದುಕಿಗೆ ಏನನ್ನಾದರೂ ಕೊಡಬೇಕೆಂದು ನಾವು ಚೀಲವನ್ನು ಬಿಚ್ಚುವಷ್ಟರಲ್ಲಿ ಅವಳು ಕೈಯಾಡಿಸಿ ಬೇಡವೆಂದಳು. ಬೆಂಕಿಯ ಬಳಿಯ ಸ್ಥಳಕ್ಕೆ ಬೆಲೆಯಿಲ್ಲವೆಂಬುದು ಅವಳ ಧರ್ಮ. ಮರುದಿನ ಗಂಗೆಯಲ್ಲಿ ಮುಳುಗುವಾಗ ನಮಗೆ ವಳ್ಳುವರ ನೀತಿಯು ಮತ್ತೆ ಮತ್ತೆ ನೆನಪಿಗೆ ಬರುತ್ತಿದ್ದಿತು. ಅರಸನಿಗೆ ಹೇಳಿದುದು ಉಪಾಧ್ಯಾಯನಿಗೂ ಸಲ್ಲುವುದಲ್ಲವೆ? ಅವನ ಬಳಿ ಬರುವ ಮಕ್ಕಳೂ ಚಳಿಯಿಂದಲೇ ಬಂದವರು. ದೂರವನ್ನು ಅಳೆದುಕೊಳ್ಳುವಷ್ಟು ವಯಸ್ಸು ಅವರಿಗೆ ಇಲ್ಲ. ಕಾಯಿಸುವುದೋ ಸುಡುವುದೋ ಎಂಬುದು ಬೆಂಕಿಯ ಕೈಯಲ್ಲಿಯೇ ಇದೆ.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನೆಲ್ಲಿರುವನೋ ತಿಳಿಯದು. ಗಡಿಯ ಊರಿಗೆ ಕಾಗದ ಬರೆದು ವಿಚಾರಿಸಿದೆವು. ಅವನ ಮನೆಯವರು ಊರನ್ನು ಬಿಟ್ಟು ಬಹಳ ವರ್ಷಗಳಾದುವಂತೆ. ಆಗಿನ ಪ್ರಬಂಧದ ಪುಸ್ತಕಗಳೂ ಉಳಿದಿಲ್ಲ. ಉಳಿದಿದ್ದರೆ ಅದೇ ಪುಟದಲ್ಲಿ ನಮ್ಮ ಕೆಂಪು ಗೆರೆಯನ್ನು ಹೊಡೆದುಹಾಕಿ ಸಹಿ ಮಾಡುತ್ತಿದ್ದೆವು. ಅದು ಸಾಧ್ಯವಿಲ್ಲದುದರಿಂದ, ಅವನ ಶಬ್ದವನ್ನು ಈ ಲೇಖನದ ತಲೆಯ ಮೇಲೆ ಬರೆದಿದ್ದೇವೆ.