ಅನುಮಂದ್ರದ ಹುಚ್ಚು

ಡಬ್‌ಸ್ಟೆಪ್ ಎಂಬ ಎಲೆಕ್ಟ್ರಾನಿಕ್ ಸಂಗೀತ ಕೇಳುತ್ತೇನೆ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಗಣೇಶನ ಮೆರವಣಿಗೆಯ ಡಿಜೆ. ಟ್ರ್ಯಾಕ್ಟರಿನ ಮೇಲೆ ಪೆಟ್ಟಿಗೆಗಳ ಗೋಡೆ, ಗಡಗಡ ನಡುಗುವ ಅಂಗಡಿ ಶಟರು, ಶಾಪ ಹಾಕುತ್ತಾ ಕಿಟಕಿ ಮುಚ್ಚುವ ಹಿರಿಯರು. ಆ ಹಿರಿಯರ ಪಕ್ಷವೇ ನನ್ನದು. ಮೆರವಣಿಗೆಯಲ್ಲಿ ಎಲ್ಲವೂ ಒಟ್ಟಿಗೆ ಕೂಗುತ್ತದೆ, ಉಸಿರು ತೆಗೆದುಕೊಳ್ಳುವುದೇ ಇಲ್ಲ. ಒಳ್ಳೆಯ ಡಬ್‌ಸ್ಟೆಪ್‌ನಲ್ಲಿ ಬಹಳ ಹೊತ್ತು ಯಾರೂ ಕೂಗುವುದಿಲ್ಲ. ಒಂದು ಡ್ರಮ್ಮಿನ ಏಟು, ಒಂದಿಷ್ಟು ಖಾಲಿ, ಇನ್ನೊಂದು ಏಟು. ಆ ಖಾಲಿಯೊಳಕ್ಕೆ ಬಾಸ್, ಅಂದರೆ ತೀರಾ ಕೆಳಗಿನ ಸ್ವರ, ಬಂದು ಕೂತಾಗಲೇ ಅದರ ತೂಕ ಗೊತ್ತಾಗುವುದು. ಇದು ಒರಟು ಸಂಗೀತವಲ್ಲವೇ ಎಂದು ಕೇಳುತ್ತಾರೆ. ಒರಟೇ. ಆದರೆ ಚೆನ್ನಾಗಿ ಕಾಯಿಸಿ ಆಮೇಲೆ ಹೊಡೆಯುವ ಒರಟು.

ಎಷ್ಟು ಕೆಳಗಿನ ಸ್ವರ ಅನ್ನುತ್ತೀರಿ? ಗಾಯಕರೊಬ್ಬರು ಒಂದು ಮನೆ ಶ್ರುತಿಯಲ್ಲಿ ಹಾಡುತ್ತಿದ್ದಾರೆ ಅಂದುಕೊಳ್ಳಿ. ಅವರ ಮಧ್ಯ ಷಡ್ಜ ಸುಮಾರು 130 ಹರ್ಟ್ಸ್, ಮಂದ್ರ ಷಡ್ಜ 65. ಅಲ್ಲಿಗೆ ಹೆಚ್ಚಿನವರ ಗಂಟಲು ಕೈಮುಗಿಯುತ್ತದೆ. ಡಬ್‌ಸ್ಟೆಪ್ ಬಾಸ್ ಸಂಸಾರ ಹೂಡುವುದೇ ಅದಕ್ಕೂ ಕೆಳಗೆ, 40-50 ಹರ್ಟ್ಸ್ ಆಸುಪಾಸಿನ ಅನುಮಂದ್ರದಲ್ಲಿ. 40 ಹರ್ಟ್ಸ್‌ನ ಒಂದು ಅಲೆ ಗಾಳಿಯಲ್ಲಿ ಎಂಟೂವರೆ ಮೀಟರ್ ಉದ್ದ; ನಮ್ಮ ಮನೆ ಹಾಲ್ ಅಷ್ಟಿಲ್ಲ. ಗೋಡೆಗೆ ಬಡಿದು ವಾಪಸಾಗುವ ಅಲೆ ಹೊಸದಾಗಿ ಬರುವ ಅಲೆಗೆ ಎದುರಾಗಿ ಒಂದು ಕಡೆ ಎರಡೂ ಸೇರಿ ಉಬ್ಬುತ್ತವೆ, ಇನ್ನೊಂದು ಕಡೆ ಪರಸ್ಪರ ಅಳಿಸಿಹಾಕುತ್ತವೆ. ಹಾಗಾಗಿ ಸೋಫಾದ ಮೇಲೆ ಆರಾಮಾಗಿ ಕೂತ ನೆಂಟರಿಗೆ ಬಾಸ್ ಇಲ್ಲ, ಚಪ್ಪಲಿ ಸ್ಟ್ಯಾಂಡಿನ ಮೂಲೆಯಲ್ಲಿ ನಿಂತ ನನಗೆ ಹೊಟ್ಟೆಯೊಳಗೇ ಗುಡುಗು. ಅಡುಗೆಮನೆಯಲ್ಲಿ ಒಂದು ಸ್ಟೀಲ್ ಮುಚ್ಚಳ ಇದೆ, ಅದಕ್ಕೆ ಒಂದೇ ಒಂದು ಸ್ವರದ ಮೇಲೆ ಪ್ರೀತಿ. ಬಾಸ್ ಜಾರುತ್ತಾ ಆ ಸ್ವರ ಮುಟ್ಟಿದರೆ ಝಿರ್ ಅನ್ನುತ್ತದೆ, ದಾಟಿದರೆ ಸುಮ್ಮನಾಗುತ್ತದೆ. ನನ್ನ ಹೆಂಡತಿ ಅದರ ಕೆಳಗೆ ಬಟ್ಟೆ ಮಡಿಸಿ ಇಡುತ್ತಾಳೆ. ಅವಳು ಊರಿಗೆ ಹೋದಾಗ ನಾನು ತೆಗೆಯುತ್ತೇನೆ.

ಹೊಸಬರಿಗೆ ಒಂದು ಮಾತು: ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ. ಆ ಚಿಕ್ಕ ತೂತಿನಿಂದ 40 ಹರ್ಟ್ಸ್ ಹೊರಬರುವುದೇ ಇಲ್ಲ. ಮೇಲಿನ ಅನುಸ್ವರಗಳನ್ನು ಕೇಳಿ ಮೆದುಳು ಕೆಳಗಿನದನ್ನು ತಾನೇ ಊಹಿಸಿಕೊಳ್ಳುತ್ತದೆ, ಪಾಪ. ತೀರಾ ಮೆಲ್ಲಗೆ ಹಾಕಿಕೊಂಡರೂ ಕಷ್ಟ. ಸದ್ದು ಸಣ್ಣದಾದಷ್ಟೂ ಕಿವಿ ಕೆಳಗಿನ ಸ್ವರಗಳನ್ನು ಹೆಚ್ಚು ಕಡೆಗಣಿಸುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದರೆ ಆರಂಭಕ್ಕೆ ಸಾಕು.

ಈ ಸಂಗೀತ ಹುಟ್ಟಿದ್ದು ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ. ಅಲ್ಲಿನ ಸರ್ರೆ ಸ್ಟ್ರೀಟ್ ಶತಮಾನಗಳಿಂದ ಸಂತೆ ಕೂಡುವ ಬೀದಿ. ಹಣ್ಣು ತರಕಾರಿ ಗಾಡಿಗಳ ನಡುವೆ ಬಿಗ್ ಆಪಲ್ ಎಂಬ ರೆಕಾರ್ಡ್ ಅಂಗಡಿ ಇತ್ತು. ಕೌಂಟರಿನ ಹಿಂದೆ ಹ್ಯಾಚಾ ಎಂಬ ಡಿಜೆ, ಮಹಡಿಯ ಮೇಲೆ ಆರ್ಟ್‌ವರ್ಕ್ ಎಂಬಾತನ ಸ್ಟುಡಿಯೋ, ಅಂಗಡಿಯ ಸುತ್ತ ಸುಳಿಯುವ ಹುಡುಗರಲ್ಲಿ ಸ್ಕ್ರೀಮ್, ಬೆಂಗಾ, ಮಾಲಾ, ಕೋಕಿ, ಲೋಫಾ. ಸ್ಕ್ರೀಮ್ ಮತ್ತು ಬೆಂಗಾಗೆ ಆಗಿನ್ನೂ ಮೀಸೆ ಚಿಗುರುವ ವಯಸ್ಸು. ಸ್ಕ್ರೀಮ್ ಹಾಡು ಕಟ್ಟುತ್ತಿದ್ದುದು ಫ್ರೂಟಿಲೂಪ್ಸ್ ಎಂಬ ತಂತ್ರಾಂಶದಲ್ಲಿ. ಬೆಂಗಾ ಕೈ ಪಳಗಿಸಿಕೊಂಡದ್ದು ವಿಡಿಯೋ ಗೇಮ್ ಆಡುವ ಪ್ಲೇಸ್ಟೇಷನ್‌ನಲ್ಲೇ. 2000ದ ಆಸುಪಾಸಿನಲ್ಲಿ ಲಂಡನ್ ಕುಣಿಯುತ್ತಿದ್ದುದು ಗರಾಜ್ ಎಂಬ ಥಳಕಿನ ಸಂಗೀತಕ್ಕೆ. ಈ ಹುಡುಗರು ಅದರಿಂದ ಹಾಡು ಕಿತ್ತರು, ಥಳಕು ಕಿತ್ತರು, ಡ್ರಮ್ಮನ್ನೂ ಅರ್ಧಕ್ಕರ್ಧ ಕಿತ್ತು ಬಾಸನ್ನು ಮುಂದಕ್ಕೆ ತಂದು ಕೂರಿಸಿದರು.

ಕಿತ್ತುಹಾಕುವ ಈ ವಿದ್ಯೆ ಜಮೈಕಾದ್ದು. ಕಿಂಗ್‌ಸ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ 1970ರ ದಶಕದಲ್ಲಿ ರೆಗೆ ಹಾಡುಗಳಿಂದ ಗಾಯನ ತೆಗೆದು, ಬಾಸ್ ಮತ್ತು ಡ್ರಮ್ ಉಳಿಸಿ, ನಡುನಡುವೆ ಪ್ರತಿಧ್ವನಿ ತೂರಿಬಿಡುತ್ತಿದ್ದ. ಡಬ್ ಅಂದರೆ ಅದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ದುಡಿಯಲು ಬಂದ ಕೆರೀಬಿಯನ್ ಜನ ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಜೋಡಿಸಿ ಕುಣಿಯುವ ರೂಢಿಯನ್ನೂ ಜೊತೆಗೆ ತಂದರು. ಅವರ ಮೊಮ್ಮಕ್ಕಳ ಕಾಲದ ಲಂಡನ್ನಿನ ಬಾಸ್ ಇದು.

ಹೊಸ ಹಾಡು ಮುಗಿದರೆ ಫಾರೆಸ್ಟ್ ಹಿಲ್‌ನ ಟ್ರಾನ್ಸಿಷನ್ ಸ್ಟುಡಿಯೋಗೆ ಒಯ್ದು ಡಬ್‌ಪ್ಲೇಟ್ ಕೊರೆಸುತ್ತಿದ್ದರು. ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಮೆತ್ತನೆಯ ಲ್ಯಾಕರ್ ಲೇಪ. ಸೂಜಿ ಓಡಿದಷ್ಟೂ ಸವೆಯುತ್ತದೆ, ಒಂದಷ್ಟು ರಾತ್ರಿ ಬಾರಿಸುವಷ್ಟರಲ್ಲಿ ಮೇಲಿನ ಸ್ವರಗಳು ಮಸುಕು. ಆ ಹಾಡು ಬೇಕೆಂದರೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಪ್ಲಾಸ್ಟಿಕ್ ಪೀಪಲ್ ಎಂಬ ಕತ್ತಲೆಯ ಪುಟ್ಟ ನೆಲಮಾಳಿಗೆಗೆ ಹೋಗಬೇಕಿತ್ತು, ಇಲ್ಲವೇ ಪರವಾನಗಿಯಿಲ್ಲದೆ ಬಿತ್ತರವಾಗುತ್ತಿದ್ದ ರಿನ್ಸ್ ಎಫ್‌ಎಂ ಹಿಡಿಯಬೇಕಿತ್ತು. 2005ರಿಂದ ಮಾಲಾ, ಕೋಕಿ, ಲೋಫಾ ಬ್ರಿಕ್ಸ್‌ಟನ್ನಿನ ಹಳೆಯ ಚರ್ಚ್ ಕಟ್ಟಡವೊಂದರಲ್ಲಿ ಡಿಎಂಜಡ್ ಹೆಸರಿನ ರಾತ್ರಿಗಳನ್ನು ನಡೆಸತೊಡಗಿದರು. ಜನಕ್ಕೆ ಹಾಡು ಹಿಡಿಸಿದರೆ ಕೂಗಾಟ ಏಳುತ್ತದೆ, ಡಿಜೆ ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಹಾಕುತ್ತಾನೆ. ನಮ್ಮ ಕಂಪನಿ ನಾಟಕದ ‘ಒನ್ಸ್ ಮೋರ್’ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಲಯದ ಗುಟ್ಟನ್ನು ನನಗೆ ಬಿಡಿಸಿ ಹೇಳಿದವರು ನನ್ನ ಸೋದರಮಾವ, ಮೃದಂಗ ನುಡಿಸುವವರು. ಒಂದು ಸಂಜೆ ಬೆಂಗಾ ಮತ್ತು ಕೋಕಿ ಸೇರಿ ಮಾಡಿದ ‘ನೈಟ್’ ಹಾಕಿದ್ದೆ. ಮಾವ ಪೇಪರ್ ಓದುತ್ತಲೇ ತೊಡೆಯ ಮೇಲೆ ತಾಳ ಹಾಕತೊಡಗಿದರು. ಸ್ವಲ್ಪ ಹೊತ್ತಿಗೆ ಕೈ ನಿಂತಿತು.

“ಲೋ, ಇವನು ಒಳಗೆ ಎರಡನೇ ಕಾಲದಲ್ಲಿ ಓಡ್ತಿದ್ದಾನೆ, ಪೆಟ್ಟು ಮಾತ್ರ ಒಂದನೇ ಕಾಲದ್ದು. ಓಡೋವ್ನಿಗೂ ಕೂತೋವ್ನಿಗೂ ಒಂದೇ ಹಾಡು!”

“ಹೌದು ಮಾವ, ನಿಮಿಷಕ್ಕೆ 140 ಎಣಿಕೆ. ಅರ್ಧ ವೇಗದಲ್ಲಿ ಕೇಳ್ಸುತ್ತೆ.”

“ಅದು ಸರಿ, ಈ ಎಡಕ್ಕೆ ಇಷ್ಟೊಂದು ರವೆ ಮೆತ್ತಿದ್ಯಾರು?”

ಮೃದಂಗದ ಎಡ ಮುಚ್ಚಿಗೆಗೆ ಕಲಸಿದ ರವೆ ಮೆತ್ತುವುದು ನಾದವನ್ನು ಕೆಳಕ್ಕಿಳಿಸಲು. ಆಮೇಲೆ ಅಂಗೈಯ ಬುಡ ಒತ್ತಿ ಆ ನಾದವನ್ನೇ ಮೇಲಕ್ಕೆ ಜಾರಿಸುವ ಗುಮ್ಕಿಯನ್ನು ಬಾಯಲ್ಲೇ ನುಡಿದು ತೋರಿಸಿ, “ಇದನ್ನೇ ಅವನು ಯಂತ್ರಕ್ಕೆ ಕಲಿಸಿದಾನೆ” ಅಂದರು. ಡಬ್‌ಸ್ಟೆಪ್ ಬಗ್ಗೆ ಇದಕ್ಕಿಂತ ಚುರುಕಾದ ವಿಮರ್ಶೆಯನ್ನು ನಾನು ಕಂಡಿಲ್ಲ. ಎಣಿಸಿ ನೋಡಿ: ನಾಲ್ಕು ಎಣಿಕೆಯಲ್ಲಿ ಮೊದಲನೆಯದಕ್ಕೆ ಕಿಕ್ ಎಂಬ ದಪ್ಪ ಡ್ರಮ್ಮು, ಮೂರನೆಯದಕ್ಕೆ ಸ್ನೇರ್ ಎಂಬ ಚುರುಕು ಡ್ರಮ್ಮು. ಎರಡು, ನಾಲ್ಕು ಹೆಚ್ಚಾಗಿ ಖಾಲಿ. ಕಾಲು 140ಕ್ಕೆ ಓಡಬಹುದು, ತಲೆ 70ಕ್ಕೆ ತೂಗಬಹುದು, ಯಾವುದೂ ತಪ್ಪಲ್ಲ.

ಬಾಸ್ ‘ವ್ವಾವ್ ವ್ವಾವ್’ ಎಂದು ಬಾಯಿ ತೆರೆದು ಮುಚ್ಚುವುದಕ್ಕೆ ವಾಬಲ್ ಎನ್ನುತ್ತಾರೆ. ಸಿಂಥಸೈಜರಿನ ಫಿಲ್ಟರ್ ಮೇಲಿನ ಅನುಸ್ವರಗಳನ್ನು ತಡೆಯುತ್ತದೆ. ಅದನ್ನು ತೆರೆದರೆ ನಾದ ಹರಿತವಾಗುತ್ತದೆ, ಮುಚ್ಚಿದರೆ ಮಂಕಾಗುತ್ತದೆ. ಹೀಗೆ ತೆರೆದು ಮುಚ್ಚುವ ಕೆಲಸವನ್ನು ಎಲ್‌ಎಫ್‌ಒ ಎಂಬ, ಕಿವಿಗೆ ಕೇಳಿಸದಷ್ಟು ನಿಧಾನದ ಅಲೆಗೆ ವಹಿಸುತ್ತಾರೆ. ಒಂದು ಎಣಿಕೆಗೆ ಎರಡು ಸಲ ತೆರೆಯಲಿ, ಆಮೇಲೆ ಮೂರು, ಒಮ್ಮೆಲೇ ಆರು ಎಂದು ನಡೆ ಬದಲಿಸುವುದರಲ್ಲೇ ಕಲಾವಿದನ ಕುಸುರಿ ಇರುವುದು. ಮಾವನಿಗೆ ತಿಶ್ರಕ್ಕೆ, ಅಂದರೆ ಮೂರರ ನಡೆಗೆ, ತಿರುಗಿದ ಜಾಗವೆಲ್ಲ ಥಟ್ಟನೆ ಸಿಗುತ್ತಿತ್ತು.

ಆಮೇಲೆ ಇದು ಅಟ್ಲಾಂಟಿಕ್ ದಾಟಿತು. ಪೋಸ್ಟ್-ಹಾರ್ಡ್‌ಕೋರ್ ಬ್ಯಾಂಡಿನಲ್ಲಿ ಗಂಟಲು ಹರಿದು ಹಾಡುತ್ತಿದ್ದ ಸನ್ನಿ ಮೂರ್ ಎಂಬ ಯುವಕ ಸ್ಕ್ರಿಲೆಕ್ಸ್ ಎಂದು ಹೆಸರಿಟ್ಟುಕೊಂಡು 2010ರಲ್ಲಿ ‘ಸ್ಕೇರಿ ಮಾನ್‌ಸ್ಟರ್ಸ್ ಅಂಡ್ ನೈಸ್ ಸ್ಪ್ರೈಟ್ಸ್’ ತಂದ. 2012ರಲ್ಲಿ ಮೂರು ಗ್ರ್ಯಾಮಿ. ನೆಲಮಾಳಿಗೆಯ ಬಾಸ್ ಅವನ ಕೈಯಲ್ಲಿ ಮಹಡಿ ಹತ್ತಿತು: ಅನುಮಂದ್ರದ ಜೊತೆಗೆ ನಡುವಿನ ಸ್ವರಗಳಲ್ಲಿ ಗುರುಗುಟ್ಟುವ, ಲೋಹ ಹರಿಯುವ ಸದ್ದು. ಲ್ಯಾಪ್‌ಟಾಪ್ ಸ್ಪೀಕರಿನಲ್ಲೂ ಚೆನ್ನಾಗಿ ಕೇಳಿಸುವುದರಿಂದ ಅದು ಊರೂರು ಸುತ್ತಿತು ಎಂಬುದು ನನ್ನ ಗುಮಾನಿ. ಹಳೆಯ ಲಂಡನ್ ಭಕ್ತರು ಅದಕ್ಕೆ ಬ್ರೋಸ್ಟೆಪ್ ಎಂದು ಹೆಸರಿಟ್ಟು ಮೂಗು ಮುರಿದರು. ನಾನು ಮುರಿಯುವುದಿಲ್ಲ. ಅವನ ಹಾಡಿನಲ್ಲೂ ಡ್ರಾಪ್‌ಗೆ, ಅಂದರೆ ಬಾಸ್ ಬಂದು ಅಪ್ಪಳಿಸುವ ಗಳಿಗೆಗೆ, ಮೊದಲು ಎಲ್ಲವನ್ನೂ ತೆಗೆದು ಒಂದು ಕ್ಷಣ ಬರಿದು ಮಾಡುವ ಜಾಗ ಇದೆ, ಲೆಕ್ಕ ತಪ್ಪಿಲ್ಲ. ಅವನನ್ನು ಅನುಸರಿಸಿದ ಎಷ್ಟೋ ಮಂದಿಗೆ ಆ ಬರಿದು ಮಾಡುವುದೇ ಬರಲಿಲ್ಲ, ಆರಂಭದಿಂದ ಕೊನೆಯವರೆಗೆ ಹೊಡೆತ. ಅಂಥವನ್ನು ಕೇಳುವಾಗ ನನಗೆ ಟ್ರ್ಯಾಕ್ಟರೇ ನೆನಪಾಗುತ್ತದೆ.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ನಾನು ಹೇಳುವುದು ಸ್ಕ್ರೀಮ್‌ನ 2005ರ ‘ಮಿಡ್‌ನೈಟ್ ರಿಕ್ವೆಸ್ಟ್ ಲೈನ್’. ಅದರಲ್ಲಿ ಗುನುಗುವಂಥ ರಾಗವೂ ಇದೆ, ಅಂಜಿಕೆ ಬೇಡ. ಅದು ಒಗ್ಗಿದ ಮೇಲೆ ‘ನೈಟ್’. ವಾಬಲ್ ಎಷ್ಟು ಪುಂಡಾಗಬಲ್ಲದು ಎಂದು ನೋಡಲು ಕೋಕಿಯ ‘ಸ್ಪಾಂಜ್‌ಬಾಬ್’, ಆಮೇಲೆ ಸ್ಕ್ರಿಲೆಕ್ಸ್. ಪುಂಡಾಟ ಸಾಕಾದ ದಿನಕ್ಕೆ ಬೆರಿಯಲ್ ಎಂಬಾತನ 2007ರ ‘ಅನ್‌ಟ್ರೂ’. ಸಬ್‌ವೂಫರ್ ಕೊಳ್ಳುವ ಮನಸ್ಸಾದರೆ ಮೊದಲು ಕೆಳಮನೆಯವರೊಡನೆ ಮಾತಾಡಿ, ಏಕೆಂದರೆ ಉದ್ದದ ಅಲೆಗೆ ಗೋಡೆ, ತಾರಸಿ ಯಾವುದೂ ಲೆಕ್ಕಕ್ಕಿಲ್ಲ. ಕ್ಲಬ್ಬಿಗೆ ಹೋಗುವುದಾದರೆ ಕಿವಿಗೆ ಪ್ಲಗ್ ಇರಲಿ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಿಕೊಳ್ಳಬಹುದು ಅನ್ನುವ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು ಕಾಲು ಗಂಟೆ ಮಾತ್ರ. ಪ್ಲಗ್ ಹಾಕಿಕೊಂಡರೆ ಬಾಸ್ ತಪ್ಪಿಹೋಗುತ್ತದೆ ಎಂಬ ಚಿಂತೆ ಬೇಡ. ಅದು ಪಕ್ಕೆಲುಬಿನ ದಾರಿಯಲ್ಲಿ ಬರುತ್ತದೆ.